ಜಾಮೀನಿಗೆ ಇಟ್ಟ ಚಪ್ಪಲಿ

ನಾನೀಗ ಹೇಳೋದ್ರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ರೆ ಈ ದಬ್ಬಣ ನನ್ನ ಕೈಗೇ ಚುಚ್ಚಲಿ, ಯಜಮಾನ್ರೇ. ಹೆಬ್ಬೆರಳ ಮೇಲೆ ಗಾಯ ಇದ್ಯಲ್ಲ, ಅದನ್ನ ನೋಡ್ಬೇಡಿ. ಅದು ಬೇರೆ ಕಥೆ ಹೇಳೋವಾಗ ಆಗಿದ್ದು.

ಕೂತ್ಕೊಳ್ಳಿ, ಆ ಡಬ್ಬದ ಮೇಲೆ ಕೂತ್ಕೊಳ್ಳಿ. ಹೇಗೂ ನಿಮ್ಮ ಎಡಗಾಲಿನ ಬೂಟು ನನ್ನ ತೊಡೆ ಮೇಲಿದೆ, ನೀವು ಎಲ್ಲಿಗೂ ಹೋಗೋ ಹಾಗಿಲ್ಲ. ಮಗಳು ಒಳಗೆ ಹೋಗಿ ಹತ್ತು ನಿಮಿಷಾನೂ ಆಗಿಲ್ಲ, ಆಗ್ಲೇ ಗೇಟು ಗೇಟು ಅಂತ ನೋಡ್ತಿದ್ದೀರ. ವೀಸಾ ಆಫೀಸು ಅಂದ್ರೆ ಏನಂದ್ಕೊಂಡ್ರಿ? ಒಳಗೆ ಹೋದವ್ರು ಹೊರಗೆ ಬರೋ ಹೊತ್ತಿಗೆ ಗಡ್ಡ ಬೆಳೆದಿರುತ್ತೆ. ಗಂಡಸ್ರಿಗೆ ಮಾತ್ರ ಅಲ್ಲ.

ನಿಮ್ಮ ಬೂಟಿನ ಅಟ್ಟೆ ಪೂರ್ತಿ ಬಾಯಿ ಬಿಟ್ಟಿದೆ. ಹೊಲೀಬೇಕು. ಈ ಸೂಜಿಗೆ ಒಂಚೂರು ದಾರ ಪೋಣಿಸಿ ಕೊಡಿ ನೋಡೋಣ. ನನಗೆ ಸೂಜಿ ಕಾಣುತ್ತೆ, ಅದರ ಕಣ್ಣು ಕಾಣಲ್ಲ. ಹಾಂ, ಅಷ್ಟೇ. ನೂರು ವರ್ಷ ಬಾಳಿ.

ನಾನು ಈ ಫುಟ್‌ಪಾತಲ್ಲಿ ಕೂತು ಇಪ್ಪತ್ತಾರು ವರ್ಷ ಆಯ್ತು. ಈ ಆಫೀಸಿಗಿಂತ ಮುಂಚೆ ಬಂದವನು ನಾನು. ನನ್ನ ನೋಡಿನೇ ಅವ್ರು ಎದುರಿಗೆ ಕಟ್ಟಡ ಕಟ್ಟಿಸಿದ್ದು. ದೂರ ಹೋಗೋ ಜನಕ್ಕೆ ಮೊದ್ಲು ಚಪ್ಪಲಿ ಗಟ್ಟಿ ಇರ್ಬೇಕಲ್ಲ, ಅದಕ್ಕೆ. ಗೇಟಿನವನನ್ನ ಕೇಳಿ ಬೇಕಾದ್ರೆ. ಅವನು ಇಲ್ಲ ಅಂತಾನೆ, ಆದ್ರೆ ಅವನು ಬಂದಿದ್ದು ಮೊನ್ನೆ ಮೊನ್ನೆ.

ಒಳಗೆ ಬ್ಯಾಗು ಬಿಡಲ್ಲ, ಫೋನು ಬಿಡಲ್ಲ, ನೀರಿನ ಬಾಟ್ಲಿನೂ ಬಿಡಲ್ಲ. ಬಂದವ್ರೆಲ್ಲ ಗೇಟ್ ಹತ್ರ ಕೈಯಲ್ಲಿ ಫೋನು ಹಿಡ್ಕೊಂಡು ಕಣ್ಣು ಕಣ್ಣು ಬಿಡ್ತಾ ನಿಂತಿರ್ತಾರೆ. ಗೇಟಿನವನು ಮಾತೇ ಆಡಲ್ಲ, ಗದ್ದ ಎತ್ತಿ ರಸ್ತೆ ಈಚೆಗೆ ತೋರಿಸ್ತಾನೆ. ಈಚೆಗೆ ಯಾರು? ನಾನು. ಅದಕ್ಕೇ ಈ ಬೀದೀಲಿ ಎಲ್ರೂ ನನ್ನ ಲಾಕರ್ ಅಂತಾರೆ. ನಿಮ್ಮ ಮಗಳ ಫೋನೂ ನನ್ನ ಹತ್ರಾನೇ ಇದೆ, ಹೆದರ್ಬೇಡಿ. ಅಗೋ ಆ ಕಂದು ಬಣ್ಣದ ಬೂಟಲ್ಲಿದೆ.

ಹೌದು, ಬೂಟಲ್ಲೇ. ನಗ್ಬೇಡಿ. ರಿಪೇರಿಗೆ ಕೊಟ್ಟು ಯಾರೂ ತಗೊಂಡು ಹೋಗದ ಬೂಟು ಚಪ್ಪಲಿ ನನ್ನ ಹತ್ರ ಎರಡು ಸಾಲು ಇದೆ. ವೀಸಾ ಸಿಕ್ಕಿದ ಖುಷೀಲಿ ಓಡಿ ಹೋಗಿರ್ತಾರೆ ನೋಡಿ, ಕಾಲು ನೆನಪಿರಲ್ಲ. ಒಬ್ಬೊಬ್ರ ಫೋನು ಒಂದೊಂದು ಬೂಟಿಗೆ. ನನಗೆ ಅಕ್ಷರ ಬರಲ್ಲ, ಚೀಟಿ ಬರೆದು ಅಂಟಿಸೋಕಾಗಲ್ಲ. ಬೂಟಿನ ಗುರ್ತು ಮಾತ್ರ ಯಾವತ್ತೂ ತಪ್ಪಿಲ್ಲ.

ನನ್ನದು ಒಂದೇ ಕಟ್ಟುನಿಟ್ಟು. ಫೋನು ಆಫ್ ಮಾಡೋ ಹಾಗಿಲ್ಲ. ಯಾಕೆ ಅಂದ್ರೆ ಮನೇಲಿ ತಾಯಂದಿರು ಕೂತಿರ್ತಾರಲ್ಲ, ಎರಡು ನಿಮಿಷಕ್ಕೊಂದ್ಸಲ ಮಾಡ್ತಾರೆ. ಎತ್ತಲಿಲ್ಲ ಅಂದ್ರೆ ಅವರ ಜೀವ ಹೋಗುತ್ತೆ. ಅದಕ್ಕೆ ನಾನೇ ಎತ್ತೋದು. ಬೂಟು ಎತ್ತಿ ಕಿವಿಗಿಟ್ಕೊಂಡು, “ಹಲೋ ಅಮ್ಮಾ, ನಿಮ್ಮ ಮಗ ಒಳಗಿದ್ದಾನೆ, ಸಾಹೇಬ್ರು ಎದ್ದು ನಿಂತು ಕೈ ಕುಲುಕಿದ್ರಂತೆ, ಒಲೆ ಮೇಲೆ ಏನಿಟ್ಟಿದ್ದೀರೋ ಅದನ್ನ ನೋಡಿ, ಸೀದು ಹೋಗುತ್ತೆ” ಅಂತೀನಿ. ಒಂದು ದಿನ ಮೂವತ್ತೇಳು ಬೂಟು ಒಟ್ಟಿಗೇ ಬಡ್ಕೊಂಡ್ವು. ಎರಡು ಬೂಟಿಗೆ ನಡುಕ ಹೆಚ್ಚಾಗಿ ನಡೀತಾ ನಡೀತಾ ರಸ್ತೆ ದಾಟೇ ಬಿಟ್ವು. ಬಸ್ಸಿನವನು ಬ್ರೇಕ್ ಹಾಕಿ, ಹೋಗಮ್ಮಾ ಹೋಗು ಅಂತ ದಾರಿ ಬಿಟ್ಟ.

ಸರಿ, ಅದು ಬಿಡಿ. ನಾನು ಹೇಳೋಕೆ ಹೊರಟಿದ್ದು ಸೊಟ್ಟಹಿಮ್ಮಡಿ ವಿಷ್ಯ.

ಸೊಟ್ಟಹಿಮ್ಮಡಿ ಅಂದ್ರೆ ಒಬ್ಳು ಹುಡುಗಿ. ಹೆಸ್ರು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನಾನು ಮನುಷ್ಯರನ್ನ ಕಾಲಿಂದ ಮೇಲಕ್ಕೆ ನೋಡೋನು. ಮುಖದ ತನಕ ಹೋಗೋ ಹೊತ್ತಿಗೆ ಅವ್ರು ಹೊರಟೇ ಹೋಗಿರ್ತಾರೆ. ಇವಳು ಆರು ವರ್ಷದ ಹಿಂದೆ ಒಂದು ಬೆಳಗ್ಗೆ ಕುಂಟ್ತಾ ಬಂದ್ಲು. ಕಂಕುಳಲ್ಲಿ ಫೈಲು, ಒಂದು ಕೈಯಲ್ಲಿ ಚಪ್ಪಲಿ. ನನ್ನ ಏನಂತ ಕರೀಬೇಕೋ ಗೊತ್ತಾಗಲಿಲ್ಲ ಅಂತ ಕಾಣುತ್ತೆ.

“ರೀ, ಇದೊಂಚೂರು ಹೊಲಿದು ಕೊಡ್ತೀರಾ? ಹತ್ತೂವರೆಗೆ ಒಳಗಿರ್ಬೇಕು.”

“ಹತ್ತೂಕಾಲಾಯ್ತಲ್ಲಮ್ಮ. ಇದು ಹೊಲಿಗೆ ಕೇಳ್ತಿಲ್ಲ, ಆಪರೇಷನ್ ಕೇಳ್ತಿದೆ” ಅಂದೆ.

ಚಪ್ಪಲಿ ಕೈಗೆ ತಗೊಂಡು ನೋಡ್ದೆ. ಚಪ್ಪಲಿ ನೋಡಿದ್ರೆ ಮನುಷ್ಯ ನಿನ್ನೆ ರಾತ್ರಿ ಏನು ಉಂಡ ಅಂತ ಹೇಳೋನು ನಾನು. ಎಡಗಾಲಿನ ಹಿಮ್ಮಡಿ ಹೊರಗಡೆ ಸವೆದು ಸೊಟ್ಟ ಆಗಿತ್ತು. ದಿನಾ ಮೈಲಿಗಟ್ಲೆ ನಡೆಯೋ ಕಾಲು. ಅಟ್ಟೆ ಕಳಚಿ ನೇತಾಡ್ತಿತ್ತು. ಬಾರು ಮುಂಚೆನೇ ಮೂರು ಕಡೆ ಕಿತ್ತಿತ್ತು, ಮೂರೂ ಕಡೆ ಅವಳೇ ಹೊಲ್ಕೊಂಡಿದ್ಲು. ಆಸ್ಪತ್ರೇಲಿ ಗಾಯ ಹೊಲಿಯೋ ದಾರ, ಸಣ್ಣ ಸಣ್ಣ ಹೊಲಿಗೆ, ಎಷ್ಟು ಅಚ್ಚುಕಟ್ಟು ಅಂದ್ರೆ ನನಗೇ ಹೊಟ್ಟೆಕಿಚ್ಚಾಯ್ತು. ಮನೇಲಿ ಇನ್ನೊಬ್ರಿದ್ದಿದ್ರೆ ಎರಡನೇ ಸಲ ಕಿತ್ತಾಗ್ಲೇ ‘ಎಸಿಯೇ ಅದನ್ನ, ಹೊಸದು ತಗೋ’ ಅಂತ ಬೈತಿದ್ರು. ಇವಳಿಗೆ ಬೈಯೋರು ಯಾರೂ ಇರಲಿಲ್ಲ ಅಂತ ಚಪ್ಪಲೀನೇ ಹೇಳ್ತು.

“ಎರಡನೇ ಸಲ ಕರೆದಿದ್ದಾರೆ” ಅಂದ್ಲು. “ಹೋದ ಸಲ ಇಲ್ಲ ಅಂದ್ರು.”

“ಯಾಕಂತೆ?”

“ಓದಿ ಮುಗಿಸಿ ವಾಪಸ್ ಬರ್ತೀನಿ ಅಂತ ನಂಬಿಕೆ ಬರಲಿಲ್ವಂತೆ. ಇಲ್ಲಿ ನನಗೋಸ್ಕರ ಯಾರೂ ಕಾಯ್ತಿಲ್ವಲ್ಲ, ಬರೋಕೆ ಏನು ಕಾರಣ ಅಂತ ಕೇಳಿದ್ರು.”

ನೋಡಿ ಯಜಮಾನ್ರೇ, ಇದೆಂಥ ಪ್ರಶ್ನೆ! ಅಪ್ಪ ಅಮ್ಮ ಚಿಕ್ಕಂದಿನಲ್ಲೇ ಹೋಗಿದ್ದಾರೆ. ಬೆಳೆದಿದ್ದು ಹಾಸ್ಟೆಲಲ್ಲಿ. ಈಗ ಒಂದು ಆಸ್ಪತ್ರೇಲಿ ಕೆಲಸ, ಕಾಲು ಕಳ್ಕೊಂಡವ್ರಿಗೆ ಕೃತಕ ಕಾಲು ಹಾಕೋ ಕಡೆ. ಅದನ್ನ ಮಾಡೋದು ಹೇಗೆ ಅಂತ ಎರಡು ವರ್ಷ ಕಲಿಸ್ತಾರಂತೆ ಆ ದೇಶದಲ್ಲಿ. ಕಾಲೇಜಿನವರೇ ಎಲ್ಲ ಖರ್ಚು ನೋಡ್ಕೊಂಡು ಸೀಟು ಕೊಟ್ಟಿದ್ರು. ಆದ್ರೆ ಮುಂದಿನ ತಿಂಗಳು ಒಂದನೇ ತಾರೀಕಿಗೆ ಕ್ಲಾಸಲ್ಲಿ ಇರ್ಬೇಕು. ಇವತ್ತೂ ಇಲ್ಲ ಅಂದ್ರೆ ಸೀಟು ಬೇರೆಯವರಿಗೆ. ಇನ್ನೊಂದು ಸಲ ಅನ್ನೋದೇ ಇಲ್ಲ.

“ಕಾಲು ಮಾಡ್ತೀಯಾ? ಹಾಗಾದ್ರೆ ನಿಂದೂ ನಂದೂ ಒಂದೇ ಕಸುಬು ಬಿಡಮ್ಮ” ಅಂದೆ. “ನಾನು ಕಾಲಿಗೆ ಮಾಡ್ತೀನಿ, ನೀನು ಕಾಲನ್ನೇ ಮಾಡ್ತೀಯ.”

ಆಗ ನಕ್ಕಳು. ಆವತ್ತು ಅವಳು ನಕ್ಕಿದ್ದು ಅದೇ ಮೊದಲು ಅಂತ ನೋಡಿದ್ರೆ ಗೊತ್ತಾಗ್ತಿತ್ತು. ತುಟಿಗೆ ಅಭ್ಯಾಸ ತಪ್ಪಿ ಹೋಗಿತ್ತು.

ಹತ್ತು ಇಪ್ಪತ್ತೈದು. ಗೇಟಿನವನು ಕೂಗ್ತಿದ್ದ. ನಾನು ಬಿಟ್ಟು ಹೋದ ಬೂಟಿನ ಸಾಲಲ್ಲಿ ಹುಡುಕಿ ಎರಡು ಎಳೆದೆ. ಒಂದು ಕಪ್ಪು, ಲೇಸು ಇರೋದು. ಇನ್ನೊಂದೂ ಕಪ್ಪು, ಲೇಸು ಇಲ್ದೇ ಇರೋದು. ಎರಡೂ ಗಂಡಸ್ರದ್ದು, ಅವಳ ಪಾದ ಒಳಗೆ ಹೋದ್ರೆ ಗುಡಾಣದಲ್ಲಿ ಸೌಟು ಬಿಟ್ಟ ಹಾಗೆ. ಮುಂದೆ ಪೇಪರು ತುರುಕಿ ಹಾಕಿಸಿದೆ. “ಕಿಟಕಿ ಮುಂದೆ ನಿಂತಾಗ ಕಾಲು ಯಾರು ನೋಡ್ತಾರೆ, ಹೋಗು” ಅಂದೆ. ಫೋನು ಕೊಟ್ಲು. ಅವಳ ಚಪ್ಪಲಿ ನನ್ನ ಹತ್ರ ಉಳೀತು. ಟಪ್ಪ ಟಪ್ಪ ಅಂತ ಸದ್ದು ಮಾಡ್ತಾ ರಸ್ತೆ ದಾಟಿದ್ಲು.

ಆಮೇಲೆ ನಾನು ಚಪ್ಪಲಿ ರಿಪೇರಿಗೆ ಕೂತೆ. ಸುತ್ತ ಬೂಟುಗಳು ಬಡ್ಕೋತಾನೇ ಇವೆ. ಒಂದರಲ್ಲಿ ಅಮ್ಮ, ಒಂದರಲ್ಲಿ ದೊಡ್ಡಪ್ಪ, ಒಂದರಲ್ಲಿ ಆಗಷ್ಟೇ ಮದುವೆಯಾದ ಹೆಂಡ್ತಿ. ನಾನು ಎತ್ತೋದು, ಸುಳ್ಳು ಹೇಳೋದು, ಇಡೋದು. ಸೊಟ್ಟಹಿಮ್ಮಡಿ ಫೋನಿಟ್ಟ ಬೂಟು ಮಾತ್ರ ಕಲ್ಲಿನ ಹಾಗೆ ಕೂತಿದೆ. ಅರ್ಧ ಗಂಟೆ ಆಯ್ತು, ಒಂದು ಗಂಟೆ ಆಯ್ತು. ಅಷ್ಟು ಬೂಟುಗಳ ಮಧ್ಯೆ ಅದೊಂದು ಸುಮ್ನೆ ಇದ್ದಿದ್ದು ನನಗೆ ತಡೆಯೋಕಾಗಲಿಲ್ಲ. ಎರಡು ಸಲ ಎತ್ತಿ ಅಲ್ಲಾಡಿಸಿ ನೋಡ್ದೆ, ಕೆಟ್ಟಿದೆಯೇನೋ ಅಂತ. ಪಕ್ಕದಲ್ಲಿ ಟೀ ಮಾರೋ ಅಕ್ಕ, “ಏನ್ರೀ, ತೆಂಗಿನಕಾಯಿ ನೋಡ್ದ ಹಾಗೆ ನೋಡ್ತಿದ್ದೀರಾ” ಅಂತ ರೇಗಿಸಿದ್ಲು. ನನಗೆ ನಗು ಬರಲಿಲ್ಲ. ನನಗೆ ನಗು ಬರಲಿಲ್ಲ ಅಂದ್ರೆ ನೀವೇ ತಿಳ್ಕೊಳ್ಳಿ.

ಹನ್ನೆರಡಕ್ಕೆ ಇನ್ನೇನು ಐದು ನಿಮಿಷ, ಆ ಬೂಟು ಬಡ್ಕೊಳ್ತು!

ಬಂತಪ್ಪ, ಕೊನೆಗೂ ಯಾರೋ ಮಾಡಿದ್ರಲ್ಲ ಅಂತ ಖುಷಿ. ಖುಷಿ ಹಿಂದೇನೇ ಸಿಟ್ಟೂ ಬಂತು. ಬೂಟು ಎತ್ತಿ ಕಿವಿಗಿಟ್ಕೊಂಡೆ.

“ಹಲೋ. ಈ ನಂಬರು ಯಾರದು?” ಅಂತ ಗಂಡಸಿನ ದನಿ. ಬಿಸಿ ಗಂಜಿ ಬಾಯಲ್ಲಿಟ್ಕೊಂಡ ಹಾಗೆ ಮಾತು.

ನಾನೇನು ತಿಳ್ಕೊಂಡೆ? ಯಾರೋ ದೂರದ ಸಂಬಂಧಿ, ಸೋದರಮಾವನೋ ದೊಡ್ಡಪ್ಪನೋ, ಇಷ್ಟು ವರ್ಷ ತಿರುಗಿ ನೋಡದವನು, ಹುಡುಗಿ ಹೊರದೇಶಕ್ಕೆ ಹೊರಟಿದ್ದಾಳೆ ಅಂತ ಗೊತ್ತಾಗಿ ಮೂಗು ತೂರಿಸೋಕೆ ಬಂದಿದ್ದಾನೆ ಅಂತ ತಿಳ್ಕೊಂಡೆ.

“ಯಾರದು ಅಂತ ಕೇಳ್ತೀಯಾ? ನಾಚಿಕೆ ಆಗಲ್ವಾ ನಿನಗೆ?” ಅಂದೆ. “ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ? ಹುಡುಗಿ ಬೆಳಗ್ಗೆಯಿಂದ ಒಬ್ಬಳೇ ಬಂದು ನಿಂತಿದ್ದಾಳೆ. ಒಂದು ಫೋನಿಲ್ಲ, ಊಟ ಆಯ್ತಾ ಅಂತ ಕೇಳೋರಿಲ್ಲ. ಚಪ್ಪಲಿ ನೋಡಿದ್ದೀಯಾ ಅವಳದ್ದು? ಮೂರು ಸಲ ಕಿತ್ತೋಗಿದೆ, ಮೂರು ಸಲಾನೂ ಅವಳೇ ಹೊಲ್ಕೊಂಡಿದ್ದಾಳೆ. ಎಡ ಹಿಮ್ಮಡಿ ಸವೆದು ಸೊಟ್ಟ ಆಗಿದೆ. ಬಸ್ಸಲ್ಲಿ ಹೋಗೇ ಅಂತ ಹೇಳೋಕೆ ನಿನ್ನ ಬಾಯಿ ಬಿದ್ದು ಹೋಗಿತ್ತಾ?”

ಆ ಕಡೆಯವನು ನಿಧಾನಕ್ಕೆ ಕೇಳ್ದ, “ನೀವು ಅವರಿಗೆ ಏನಾಗಬೇಕು?”

“ನಾನಾ? ನೀನು ಏನಾಗ್ಬೇಕಾಗಿತ್ತೋ ಅದು ನಾನಾಗಿದ್ದೀನಿ!” ಅಂದೆ. “ಮಾವ ಅಂತ ಬರ್ಕೋ! ನನ್ನ ಕಸುಬು ಕಾಲಿಂದು, ಅವಳ ಕಸುಬೂ ಕಾಲಿಂದು. ಕಾಲಿಲ್ದೋರಿಗೆ ಕಾಲು ಮಾಡೋದು ಕಲಿಯೋಕೆ ಹೋಗ್ತಿದ್ದಾಳೆ. ವಾಪಸ್ ಬಂದು ಈ ಫುಟ್‌ಪಾತಿನ ಆ ತುದೀಲಿ ಅಂಗಡಿ ಹಾಕ್ತಾಳೆ. ಅವಳು ಕಾಲು ಕೊಡ್ತಾಳೆ, ನಾನು ಅದಕ್ಕೆ ಬೂಟು ಕೊಡ್ತೀನಿ. ಬೋರ್ಡು ಬರೆಸಿ ಆಗಿದೆ!”

“ವಾಪಸ್ ಬರ್ತಾರೆ ಅಂತ ನಿಮಗೆ ಏನು ಗ್ಯಾರಂಟಿ?”

“ಬರದೇ ಎಲ್ಲಿಗೆ ಹೋಗ್ತಾಳಯ್ಯ? ಅವಳ ಚಪ್ಪಲಿ ನನ್ನ ಹತ್ರ ಇದೆ!”

ಟಕ್ ಅಂತ ಫೋನು ಕಟ್ಟಾಯ್ತು. ಟೀ ಅಕ್ಕ ಕೆಟಲು ಹಿಡ್ಕೊಂಡೇ ನಿಂತಿದ್ಲು. “ಯಾರ್ರೀ ಅದು?” ಅಂದ್ಲು. “ಯಾರೋ ಬೇಜವಾಬ್ದಾರಿ ಮನುಷ್ಯ” ಅಂದೆ.

ಮುಕ್ಕಾಲು ಗಂಟೆ ಆದ ಮೇಲೆ ಟಪ್ಪ ಟಪ್ಪ ಅಂತ ಬಂದ್ಲು. ನೀವು ಕೂತಿದ್ದೀರಲ್ಲ, ಅದೇ ಡಬ್ಬದ ಮೇಲೆ ಕೂತ್ಲು. ಮುಖ ಮುಚ್ಕೊಂಡು ಭುಜ ಕುಣಿಸ್ತಿದ್ದಾಳೆ. ಅಳ್ತಿದ್ದಾಳೆ, ಮುಗೀತು ಕಥೆ ಅಂದ್ಕೊಂಡೆ. ಕೈ ತೆಗೆದ್ರೆ, ನಗು! ಕಣ್ಣಲ್ಲಿ ನೀರು ಹರೀತಿದೆ, ಬಾಯಲ್ಲಿ ನಗು.

“ನೀವು ಬೈದಿದ್ದು ಯಾರಿಗೆ ಗೊತ್ತಾ?” ಅಂದ್ಲು.

ಏನಾಗಿತ್ತು ಅಂದ್ರೆ, ಫಾರಮ್ಮಲ್ಲಿ ‘ಊರಲ್ಲಿರೋ ನಿಮ್ಮವರ ಫೋನ್ ನಂಬರು’ ಅಂತ ಒಂದು ಕಡೆ ಇದ್ಯಂತೆ. ಖಾಲಿ ಬಿಟ್ರೆ ಕಂಪ್ಯೂಟರು ಮುಂದಕ್ಕೆ ಹೋಗಲ್ವಂತೆ. ಇವಳಿಗೆ ಯಾರಿದ್ದಾರೆ? ತನ್ನ ನಂಬರನ್ನೇ ಹಾಕಿದ್ಲು. ಕಿಟಕಿ ಒಳಗಿನ, ಅಷ್ಟಿಷ್ಟು ಕನ್ನಡ ಕಲಿತಿದ್ದ ಸಾಹೇಬ ಅದನ್ನ ನೋಡಿ ಇದು ಯಾರದು ಅಂದಿದ್ದಾನೆ. ಇವಳು ಬಾಯಿ ಬಿಡೋಕೆ ಮುಂಚೇನೇ ಅವನು ಅಲ್ಲಿಂದಲೇ ಒತ್ತಿಬಿಟ್ಟಿದ್ದಾನೆ, ಸ್ಪೀಕರ್ ಹಾಕಿ. ಇವಳಿಗೆ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸಿದೆ. ಅಷ್ಟರಲ್ಲಿ ನನ್ನ ದನಿ! ಆರು ಕಿಟಕೀಲಿ ಕೂತಿದ್ದ ಆರೂ ಸಾಹೇಬ್ರು ಪೆನ್ನು ಕೆಳಗಿಟ್ಟು ಕೇಳಿದ್ರಂತೆ.

“ನಾನು ನಿಜ ಹೇಳ್ಬಿಟ್ಟೆ” ಅಂದ್ಲು. “ನಂಬರು ನಂದೇ ಸಾರ್, ಮಾತಾಡಿದ್ದು ರಸ್ತೆ ಆಚೆ ಬೂಟು ಹೊಲಿಯೋರು, ಬೆಳಗ್ಗೆ ಹತ್ತೂಕಾಲಿಂದ ಪರಿಚಯ ಅಂದೆ. ಸಾಹೇಬ್ರು ಎದ್ದು ಗಾಜಿಗೆ ಹಣೆ ತಾಗಿಸಿ ನನ್ನ ಕಾಲು ನೋಡಿದ್ರು. ಒಂದು ಬೂಟಿಗೆ ಲೇಸು, ಇನ್ನೊಂದಕ್ಕಿಲ್ಲ. ಸುಮಾರು ಹೊತ್ತು ನೋಡಿದ್ರು. ಆಮೇಲೆ, ‘ಎರಡು ಗಂಟೆ ಪರಿಚಯಕ್ಕೆ ಒಬ್ಬ ಮನುಷ್ಯ ನನಗೆ ಇಷ್ಟು ಬೈದಿದ್ದಾನೆ ಅಂದ್ರೆ, ನೀವು ಎರಡು ವರ್ಷ ಬಿಟ್ಟು ಬರದಿದ್ರೆ ನನ್ನ ಗತಿ ಏನು’ ಅಂತ ಕೇಳಿದ್ರು.”

“ಆಮೇಲೆ?”

“ಪಾಸ್‌ಪೋರ್ಟ್ ಇಟ್ಕೊಂಡ್ರು. ಹತ್ತು ದಿನ ಬಿಟ್ಟು ಬಂದು ತಗೊಳ್ಳಿ ಅಂದ್ರು.”

ನಾನು ಸರ್ಕಾರಕ್ಕೇ ಬೈದಿದ್ದೆ, ಯಜಮಾನ್ರೇ. ಅದೂ ಬೇರೆ ದೇಶದ ಸರ್ಕಾರಕ್ಕೆ. ಆ ಸಾಹೇಬ ಆಮೇಲೆ ಒಂದು ಸಲ ಕಾರಲ್ಲಿ ಹೋಗ್ತಾ ನನಗೆ ತಲೆ ಬಗ್ಗಿಸಿ ನಮಸ್ಕಾರ ಮಾಡ್ದ. ಗೇಟಿನವನು ಅವನು ಸೀಟಿನ ಕೆಳಗೆ ಏನೋ ಹುಡುಕ್ತಿದ್ದ ಅಂತಾನೆ. ಅವನ ಮಾತು ಕಟ್ಕೊಂಡು ಏನಾಗ್ಬೇಕು.

ಹತ್ತು ದಿನ ಬಿಟ್ಟು ಬಂದ್ಲು. ಪಾಸ್‌ಪೋರ್ಟ್ ಬಿಚ್ಚಿ ತೋರಿಸಿದ್ಲು. ನನಗೆ ಓದೋಕೆ ಬರಲ್ಲ, ಆದ್ರೂ ತಲೆಕೆಳಗೆ ಹಿಡ್ಕೊಂಡು ಚೆನ್ನಾಗಿ ಬರೆದಿದ್ದಾರೆ ಅಂದೆ. ಅವಳ ಚಪ್ಪಲಿ ಹೊಸ ಅಟ್ಟೆ, ಹೊಸ ಹಿಮ್ಮಡಿ ಹಾಕಿ, ಪಾಲಿಶ್ ಹೊಡೆದು, ಮದುಮಗಳ ಹಾಗೆ ರೆಡಿ ಮಾಡಿಟ್ಟಿದ್ದೆ. ಆ ಮೂರು ಹೊಲಿಗೆ ಮಾತ್ರ ಮುಟ್ಟಿರಲಿಲ್ಲ. ತಗೋ ಅಂತ ಮುಂದೆ ಇಟ್ಟೆ. ಅವಳು ಎತ್ತಿಕೊಂಡು, ತಿರುಗಿಸಿ ನೋಡಿ, ವಾಪಸ್ ನನ್ನ ತೊಡೆ ಮೇಲೇ ಇಟ್ಲು.

“ಇಲ್ಲೇ ಇರ್ಲಿ ಮಾವ” ಅಂದ್ಲು. “ಅವರಿಗೆ ನೀವು ಹೇಳಿದ್ದೀರಲ್ಲ, ಚಪ್ಪಲಿ ನನ್ನ ಹತ್ರ ಇದೆ ಅಂತ. ತಗೊಂಡು ಹೋದ್ರೆ ಸುಳ್ಳಾಗುತ್ತೆ. ಬಂದು ತಗೋತೀನಿ.”

ಮಾವ ಅಂದ್ಲು. ಬೆಳಗ್ಗೆ ಹೊತ್ತು, ರಸ್ತೆ ತುಂಬ ಜನ, ನಾನು ಪಾಲಿಶ್ ಡಬ್ಬಿ ಮುಚ್ಚಳ ಎಲ್ಲಿ ಬಿತ್ತು ಅಂತ ಬಗ್ಗಿ ಹುಡುಕ್ತಾ ಕೂತೆ. ತುಂಬ ಹೊತ್ತು ಹುಡುಕಿದೆ. ಕೈಯಲ್ಲೇ ಇತ್ತು.

ಆ ಜೋಡಿ ಅಲ್ಲದ ಬೂಟು ಹಾಕ್ಕೊಂಡೇ ಹೋದ್ಲು. ವಿಮಾನದಲ್ಲೂ ಅದೇ ಅಂತೆ. ಮೊದಲ ವರ್ಷ ವಾರವಾರ ಫೋನು ಮಾಡ್ತಿದ್ಲು, ನನ್ನ ಈ ಬಟನ್ ಫೋನಿಗೆ. “ಮಾವ, ಇಲ್ಲಿ ಚಳಿಗೆ ಬಾಗಿಲಿನ ಚಿಲಕಾನೇ ಕಚ್ಚುತ್ತೆ. ಮಾವ, ಇವತ್ತು ಒಂದು ಮೊಣಕಾಲು ಮಾಡ್ದೆ.” ಆಮೇಲೆ ತಿಂಗಳಿಗೊಂದು. ಆಮೇಲೆ ಓದು ಮುಗೀತು, ಅಲ್ಲೇ ಕೆಲಸ ಕಲೀತೀನಿ, ಒಂದೇ ವರ್ಷ ಅಂದ್ಲು. ಆಮೇಲೆ ನಂಬರು ಬದಲಾಯ್ತೋ ಏನೋ. ಈಗ ನಾನು ಮಾಡಿದ್ರೆ ಒಬ್ಳು ಹೆಂಗಸು ಎತ್ತಿ, ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಅಂತಾಳೆ. ಒಳ್ಳೆ ಹೆಂಗಸು, ಯಾವತ್ತೂ ರೇಗಿಲ್ಲ. ಭಾನುವಾರ ಆಫೀಸು ರಜ, ಬೀದೀಲಿ ಜನ ಇರಲ್ಲ, ಆಗ ಅವಳ ಹತ್ರ ಎರಡು ಮಾತಾಡ್ತೀನಿ. ಅವಳೂ ಒಬ್ಬಂಟಿ ಅಂತ ಕಾಣುತ್ತೆ, ಯಾವಾಗ ಮಾಡಿದ್ರೂ ಎತ್ತುತ್ತಾಳೆ.

ನನಗೇನೂ ಬೇಜಾರಿಲ್ಲ. ಚಪ್ಪಲಿ ಇದೆ. ಅಗೋ, ಪ್ಲಾಸ್ಟಿಕ್ ಸುತ್ತಿಟ್ಟಿದ್ದೀನಲ್ಲ, ಅದೇ. ತಿಂಗಳಿಗೊಂದ್ಸಲ ಎಣ್ಣೆ ಹಚ್ತೀನಿ, ಚರ್ಮ ಒಣಗಿ ಬಿರುಕು ಬಿಡಬಾರ್ದು. ಅದರಲ್ಲಿ ಮಾತ್ರ ಯಾರ ಫೋನೂ ಇಡಲ್ಲ. ಹೆಂಡ್ತಿ ಹೋಗಿ ಹನ್ನೊಂದು ವರ್ಷ ಆಯ್ತು. ರೂಮಲ್ಲಿ ನಾನು, ನನ್ನ ಕೊಡೆ, ಇಬ್ರೇ. ಅದೂ ಮೂಲೇಲಿ ಮುಖ ತಿರುಗಿಸ್ಕೊಂಡು ನಿಂತಿರುತ್ತೆ. ಇಲ್ಲಿ ಬಂದು ಕೂತ್ರೆ ನಲವತ್ತು ಫೋನು ಬಡ್ಕೊಳ್ತವೆ. ನಲವತ್ತು ಜನ ತಾಯಂದಿರು ನನ್ನ ಹತ್ರ ಮಾತಾಡ್ತಾರೆ. ಒಬ್ರೂ ನನ್ನ ಕೇಳ್ಕೊಂಡು ಮಾಡಿರಲ್ಲ, ಅಷ್ಟೇ ವ್ಯತ್ಯಾಸ.

ನಿಮ್ಮ ಮಗಳದ್ದು ಆಗುತ್ತೆ ಬಿಡಿ. ಅವಳ ಚಪ್ಪಲಿ ನೋಡ್ದೆ, ಎರಡೂ ಹಿಮ್ಮಡಿ ಸಮ ಸವೆದಿದೆ. ಮೊದಲ ವರ್ಷ ವಾರವಾರ ಫೋನು ಬರುತ್ತೆ. ಆಮೇಲೆ... ಆಮೇಲಿಂದು ನಿಮಗೆ ಹೇಳಿದ್ನಲ್ಲ.

ಹಾಂ, ಬೂಟು ಆಯ್ತು. ನೋಡಿ, ಹೊಲಿಗೆ ಎಲ್ಲಿ ಅಂತ ಹುಡುಕ್ಬೇಕು. ಇರಿ ಇರಿ, ಕೈ ಹಾಕ್ಬೇಡಿ. ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸ ಇದೆ. ಆ ಡಬ್ಬ ಇದ್ಯಲ್ಲ, ನೀವು ಕೂತಿರೋದು, ಅದರೊಳಗೆ ಒಂದು ಕಾಗದ ಮಡಚಿಟ್ಟಿದ್ದೀನಿ. ಏಳಿ, ತೆಗೀರಿ. ಕಣ್ಣಾಸ್ಪತ್ರೇದು. ಎರಡೂ ಕಣ್ಣಲ್ಲಿ ಪೊರೆ ಬಂದಿದೆ, ಬರೋ ಗುರುವಾರ ಒಂದು ಕಣ್ಣು ತೆಗೆದು ಹಾಕ್ತಾರೆ. ಪೊರೇನ ಸ್ವಾಮಿ, ಕಣ್ಣನ್ನಲ್ಲ. ಎರಡು ಸಲ ಹೋಗಿದ್ದೆ, ಎರಡು ಸಲಾನೂ ಕಿಟಕೀಲಿ ಕೂತಿರೋ ಹುಡುಗಿ ವಾಪಸ್ ಕಳಿಸಿದ್ಲು. ‘ಕಟ್ಟು ಹಾಕಿದ ಮೇಲೆ ಮನೆಗೆ ಕರ್ಕೊಂಡು ಹೋಗೋರು ಯಾರು ತಾತ? ಹೆಸರು, ಸಂಬಂಧ, ಫೋನ್ ನಂಬರು ಬೇಕು, ಖಾಲಿ ಬಿಡೋ ಹಾಗಿಲ್ಲ’ ಅಂತಾಳೆ. ನನ್ನ ನಂಬರೇ ಹಾಕೋಣ ಅಂದ್ರೆ, ಅವಳು ಒತ್ತಿದಾಗ ಎತ್ತೋನೂ ನಾನೇ ಆಗ್ಬಿಡ್ತೀನಿ. ನನ್ನ ಹಾಗೆ ಎತ್ತೋ ಇನ್ನೊಬ್ಬ ಲಾಕರ್ ಈ ಊರಲ್ಲಿಲ್ಲ.

ಪೆನ್ನು ನಿಮ್ಮ ಜೇಬಲ್ಲೇ ಇದೆ, ಆಗ್ಲೇ ನೋಡಿದ್ದೀನಿ. ಹೆಸರು ಬರೀರಿ. ನಂಬರು ಬರೀರಿ, ನಿಜವಾದ್ದು. ಸಂಬಂಧ ಅಂತ ಇರೋ ಕಡೆ ಏನು ಬರೀತೀರೋ ನಿಮ್ಮಿಷ್ಟ. ಅಣ್ಣ ಅನ್ನಿ, ಭಾವ ಅನ್ನಿ, ನಾನು ಬೇಡ ಅನ್ನಲ್ಲ. ಆ ಹುಡುಗಿ ಫೋನು ಮಾಡಿದ್ರೆ ಸಪ್ಪೆಯಾಗಿ ಹೂಂ ಹೂಂ ಅನ್ಬೇಡಿ, ಒಂದೆರಡು ಬೈಗುಳ ಹಾಕಿ, ಆಗ ನಂಬ್ತಾಳೆ. ಗುರುವಾರ ಬೆಳಗ್ಗೆ ಎಂಟಕ್ಕೆ.

ಎಡಗಾಲಿನ ಬೂಟಾ? ಅದು ನನ್ನ ಹತ್ರ ಇರುತ್ತೆ ಬಿಡಿ, ಜೋಪಾನವಾಗಿ. ಆ ಸಾಲಲ್ಲಿ ನಿಮ್ಮ ಕಾಲಿಗೆ ಆಗೋದು ಒಂದು ನೋಡಿ ಹಾಕ್ಕೊಂಡು ಹೋಗಿ. ಗುರುವಾರ ಬಂದು ತಗೊಳ್ಳೋರಂತೆ.